ಟೇಕುಗಳ ನಡುವೆ ಸಂಸಾರ: ಮುಂಬಯಿಯ ಹಳೆಯ ಬಾಡಿಗೆ ಮನೆಗಳ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಊರಿನಲ್ಲಿ ಸ್ವಂತ ಅಡಿಸ್ಥಳವಿದ್ದವರ ಮಾತು ಅದು. ಮುಂಬಯಿಗೆ ಬಂದು ಬಾಡಿಗೆಯ ಖೋಲಿಯಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಮನೆ ಕಟ್ಟುವ ಯೋಗ ಅಪರೂಪ. ಆದರೆ ರಿಪೇರಿಯಾಗುತ್ತಿರುವ ಮನೆಯಲ್ಲಿ ಬಾಳಿ ನೋಡುವ ಯೋಗ ಮಾತ್ರ ಒಂದಲ್ಲ ಒಂದು ದಿನ ಒದಗಿ ಬರುತ್ತದೆ. ನಮಗೆ ಅದು 2022ರ ನವೆಂಬರಿನಲ್ಲಿ ಬಂತು. 2024ರ ಜನವರಿಯವರೆಗೆ, ಒಟ್ಟು 14 ತಿಂಗಳು, ನಮ್ಮೊಡನೆಯೇ ವಾಸವಾಗಿತ್ತು.

ನಮ್ಮದು ಗಿರಗಾಂವಿನ ಒಂದು ಹಳೆಯ ಚಾಳು. ನೆಲಮಾಳಿಗೆಯಲ್ಲ, ನೆಲದ ಅಂತಸ್ತು ಮತ್ತು ಮೇಲೆ ಮೂರು ಮಹಡಿ, 36 ಖೋಲಿಗಳು, ಮುಂದೆ ಉದ್ದಕ್ಕೂ ಮರದ ಗ್ಯಾಲರಿ. ಕುಂದಾಪುರದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದ ನಮ್ಮ ತಂದೆಯವರು 1968ರಲ್ಲಿ ಪಗಡಿ ಕೊಟ್ಟು ಮೂರನೆಯ ಮಹಡಿಯ ಖೋಲಿಯನ್ನು ಹಿಡಿದರು. ನಾವು ಹುಟ್ಟಿದ್ದು, ಬಿ.ಎಸ್‌ಸಿ. ಓದಿದ್ದು, ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆಗೆ ಸೇರಿದ್ದು, ಮಕ್ಕಳನ್ನು ಬೆಳೆಸುತ್ತಿರುವುದು ಎಲ್ಲವೂ ಅದೇ ಖೋಲಿಯಿಂದ.

ರಿಪೇರಿಗೆ ಮೊದಲು ಎಲ್ಲ ಬಾಡಿಗೆದಾರರಿಗೂ ಕೆಲವು ತಿಂಗಳು ಬೇರೆಡೆ ಇರಿ ಎಂದು ಸೂಚನೆ ಬಂದಿತ್ತು. 36 ಸಂಸಾರಗಳಲ್ಲಿ ಹೋದವು ಎರಡೇ. ಉಳಿದವರೆಲ್ಲ ಧೂಳು, ಸದ್ದು, ತಲೆಯ ಮೇಲಿನ ಭಯ ಇವುಗಳ ನಡುವೆಯೇ ಉಳಿದರು. ಬೇರೆ ಊರಿನವರಿಗೆ ಇದು ಹುಚ್ಚುತನವಾಗಿ ಕಂಡೀತು. ಆದರೆ ಈ ಹಟಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದನ್ನು ನಮ್ಮ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮನೆಗಳು ಎದ್ದ ಕಾಲ

ಮುಂಬಯಿಯ ಮೊದಲನೆಯ ಹತ್ತಿ ಗಿರಣಿಯ ಕಂಪನಿ ಸ್ಥಾಪನೆಯಾದದ್ದು 1854ರಲ್ಲಿ. ಅಲ್ಲಿಂದ ಮುಂದೆ ಗಿರಣಿಗಳು ಹೆಚ್ಚಿದಂತೆ, ಬಂದರು ಬೆಳೆದಂತೆ, ಕೊಂಕಣದಿಂದ, ಘಟ್ಟದಿಂದ, ಗುಜರಾತಿನಿಂದ, ನಮ್ಮ ಕನ್ನಡ ಜಿಲ್ಲೆಗಳಿಂದ ಜನ ಬಂದು ಸೇರಿದರು. ಕೆಲಸ ಕೊಟ್ಟವರು ಮನೆ ಕೊಡಲಿಲ್ಲ. ಹಣವಿದ್ದವರು ಜಾಗ ಹಿಡಿದು ಚಾಳುಗಳನ್ನು ಕಟ್ಟಿ ಖೋಲಿಗಳನ್ನು ಬಾಡಿಗೆಗೆ ಕೊಟ್ಟರು. ಆಗ ಬಾಡಿಗೆ ಮನೆ ಕಟ್ಟುವುದು ಒಳ್ಳೆಯ ವ್ಯಾಪಾರವಾಗಿತ್ತು ಎಂಬುದನ್ನು ನೆನಪಿಡಬೇಕು. ಮುಂದಿನ ಕಥೆಗೆ ಅದು ಅಗತ್ಯ.

ಈ ಮನೆಗಳ ಅಸ್ಥಿಪಂಜರ ಮರದ್ದು. ಬರ್ಮಾ ತೇಗದ ಕಂಬಗಳು, ತೊಲೆಗಳು, ಜಂತೆಗಳು. ನಡುವೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ. ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಸುಣ್ಣದ ಗಚ್ಚು, ಅದರ ಮೇಲೆ ಲಾದಿ. ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಆವೆಮಣ್ಣಿನಿಂದ ಹೆಂಚು ಮಾಡುವ ಕಾರ್ಖಾನೆಯನ್ನು ತೆರೆದರು. ನೋಡುತ್ತಿದ್ದಂತೆ ಇತರರೂ ಈ ಉದ್ಯಮಕ್ಕೆ ಇಳಿದರು. ಹೆಂಚುಗಳು ಸಮುದ್ರಮಾರ್ಗವಾಗಿ ಮುಂಬಯಿಗೆ ಬಂದಿಳಿದವು. ಎಂದರೆ, ನಮ್ಮ ಕರಾವಳಿಯ ಜನ ಇಲ್ಲಿಗೆ ಬಂದು ತಲೆಯಡಗಿಸಲು ಜಾಗ ಹುಡುಕುವ ಹೊತ್ತಿಗೆ, ನಮ್ಮ ಕರಾವಳಿಯ ಮಣ್ಣು ಆಗಲೇ ಇಲ್ಲಿನ ಮಾಡುಗಳ ಮೇಲೆ ಕುಳಿತಿತ್ತು.

1896ರಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಡಾ. ಅಕಾಶಿಯೊ ವಿಯೆಗಸ್ ಅವರು ಅದನ್ನು ಮೊದಲು ಗುರುತಿಸಿದರು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಮನೆಗಳ ಕಡೆಗೆ ಸರಕಾರದ ಕಣ್ಣು ಬಿದ್ದುದು ಆಗ. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ಹಳೆಯ ಮೊಹಲ್ಲೆಗಳನ್ನು ಒಡೆದು ಅಗಲವಾದ ರಸ್ತೆಗಳನ್ನು ಮಾಡಿತು, ದಾದರ್-ಮಾಟುಂಗಾದಂಥ ಹೊಸ ಬಡಾವಣೆಗಳನ್ನು ರೂಪಿಸಿತು. ಆದರೆ ಒಡೆದಷ್ಟು ಬೇಗ ಕಟ್ಟಲು ಯಾರಿಗೂ ಆಗುವುದಿಲ್ಲ. ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಯ ಇನ್ನಷ್ಟು ಇಕ್ಕಟ್ಟಿಗೆ ಸೇರಿಕೊಂಡರು. ‘ನಿಮ್ಮ ಒಳ್ಳೆಯದಕ್ಕೇ ಮನೆ ಬಿಡಿ’ ಎಂಬ ಮಾತನ್ನು ಮುಂಬಯಿಯ ಬಾಡಿಗೆದಾರ ಸಂಶಯದಿಂದ ಕೇಳಲು ಕಲಿತದ್ದು ಆ ಕಾಲದಿಂದಲೇ ಇರಬೇಕು.

ಮುಂದೆ 1920ರಲ್ಲಿ ಸರಕಾರವೇ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆಯನ್ನು ತೆರೆದು ಕಾಂಕ್ರೀಟಿನ ಚಾಳುಗಳನ್ನು ಕಟ್ಟಿಸಿತು. ಇವೇ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳ ಬಿ.ಡಿ.ಡಿ. ಚಾಳುಗಳು: ಒಟ್ಟು 207 ಕಟ್ಟಡ, ಒಂದೊಂದರಲ್ಲಿ 80 ಖೋಲಿ, ಖೋಲಿಗೆ 160 ಚದರ ಅಡಿ.

ಈ ನಡುವೆ ನಮ್ಮ ಕಡೆಯವರೊಬ್ಬರು ಹಿಡಿದ ಬೇರೆಯ ದಾರಿಯನ್ನು ಇಲ್ಲಿ ಸ್ಮರಿಸಲೇಬೇಕು. ಉತ್ತರ ಕನ್ನಡದ ಮೂಲದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಅಲ್ಲಿ ವಾಸಿಸುವವರೇ ಸದಸ್ಯರು, ಸದಸ್ಯರ ಸಂಘವೇ ಮಾಲಿಕ. ಸೂರು ಸೋರಿದರೆ ಯಾರು ರಿಪೇರಿ ಮಾಡಿಸಬೇಕೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಮೊದಲ ದಿನವೇ ಸಿದ್ಧವಾಗಿತ್ತು. ಉಳಿದ ಮುಂಬಯಿ ಆ ಉತ್ತರಕ್ಕಾಗಿ ಇಂದಿಗೂ ಹೆಣಗುತ್ತಿದೆ.

ಬಾಡಿಗೆ ನಿಂತಿತು, ಮನೆ ಸವೆಯಿತು

ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ವಿಪರೀತ ಏರಿತು. ಅದನ್ನು ತಡೆಯಲು 1918ರಲ್ಲಿ ಮುಂಬಯಿಯ ಮೊದಲನೆಯ ಬಾಡಿಗೆ ನಿಯಂತ್ರಣ ಕಾಯಿದೆ ಬಂತು. ಎರಡನೆಯ ಯುದ್ಧದ ನಂತರ ಬಂದ 1947ರ ಕಾಯಿದೆಯೇ ಮುಖ್ಯವಾದುದು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಅದು ಪ್ರಮಾಣ ಬಾಡಿಗೆಯೆಂದು ಗೊತ್ತುಪಡಿಸಿತು. ಆ ವರ್ಷ ದೇಶ ಒಡೆದು ನಿರಾಶ್ರಿತರು ಬಂದು ತುಂಬಿದ ನಗರಕ್ಕೆ ಅಂಥ ಕಾಯಿದೆ ಬೇಕೇ ಬೇಕಾಗಿತ್ತು. ಅದು ಇಲ್ಲದಿದ್ದರೆ ನಮ್ಮ ತಂದೆಯವರಂಥ ಸಾವಿರಾರು ಜನ ಈ ಊರಿನಲ್ಲಿ ಬೇರೂರುತ್ತಿರಲಿಲ್ಲ. ಇದನ್ನು ಕೃತಜ್ಞತೆಯಿಂದಲೇ ಹೇಳಬೇಕು.

ಆದರೆ ತಾತ್ಕಾಲಿಕವೆಂದು ಬಂದ ಕಾಯಿದೆ ಐವತ್ತು ವರ್ಷ ಉಳಿಯಿತು. ಮೇಸ್ತ್ರಿಯ ಕೂಲಿ, ತೇಗದ ಬೆಲೆ, ಸಿಮೆಂಟಿನ ಬೆಲೆ ಎಲ್ಲವೂ ಏರಿದವು. ಬಾಡಿಗೆ ಮಾತ್ರ ಏರಲಿಲ್ಲ. ಹಿಡಿಯಷ್ಟು ಬಾಡಿಗೆ ಬರುವ ಮನೆಗೆ ಕೈತುಂಬ ಖರ್ಚು ಮಾಡಲು ಮಾಲಿಕನಿಗೆ ಮನಸ್ಸಿಲ್ಲ. ತನ್ನದಲ್ಲದ ಮನೆಗೆ ಗಂಟು ಬಿಚ್ಚಲು ಬಾಡಿಗೆದಾರನಿಗೂ ಮನಸ್ಸಿಲ್ಲ. ಮಧ್ಯದಲ್ಲಿ ಪಗಡಿ ಎಂಬ ಮೂರನೆಯ ವ್ಯವಹಾರ ಬೆಳೆಯಿತು. ಕಾಯಿದೆ ಅದನ್ನು ಅಪರಾಧವೆಂದರೂ, ದೊಡ್ಡ ಮೊತ್ತ ಕೊಡದೆ ಖೋಲಿ ಕೈಗೆ ಬರುತ್ತಿರಲಿಲ್ಲ. ಕೊಟ್ಟವನಿಗೆ ತಾನು ಅರ್ಧ ಮಾಲಿಕನೆಂಬ ಭಾವನೆ. ಕೈಯಲ್ಲಿರುವ ಕಾಗದ ಮಾತ್ರ ಬಾಡಿಗೆಯ ರಸೀದಿ.

ಮಾಲಿಕರಲ್ಲಿ ನಮ್ಮವರೂ ಇದ್ದರು. ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ರಾಜ್ಯ ಎಂಬ ಪ್ರಕರಣದಲ್ಲಿ 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, 1940ರ ಬಾಡಿಗೆಗೆ ಕಟ್ಟಿಹಾಕುವ ನಿಯಮಗಳು ಕಾಲಕ್ರಮದಲ್ಲಿ ಅಸಮಂಜಸವಾಗಿವೆ ಎಂದು ಹೇಳಿತು. ಮುಂದೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ವರ್ಷಕ್ಕೆ ಶೇಕಡಾ 4ರಂತೆ ಬಾಡಿಗೆ ಏರಿಸಲು ಅದು ಅವಕಾಶ ಕೊಟ್ಟಿತು. ಪಗಡಿಯನ್ನೂ ಕಾಯಿದೆಬದ್ಧ ಮಾಡಿತು. ಆದರೆ ಆ ಹೊತ್ತಿಗೆ ಮನೆಗಳಿಗೆ ಮುಪ್ಪು ಅಡರಿತ್ತು.

ಸೆಸ್ಸಿನ ಕಾಯಿದೆ

1960ರ ದಶಕದಲ್ಲಿ ಮಳೆಗಾಲ ಬಂತೆಂದರೆ ಮನೆ ಕುಸಿದ ಸುದ್ದಿ ಸಾಮಾನ್ಯವಾಯಿತು. 1969ರಲ್ಲಿ ರಾಜ್ಯ ಸರಕಾರ ಕಟ್ಟಡಗಳ ರಿಪೇರಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯಿದೆಯನ್ನು ತಂದಿತು. ಅದರ ತಿರುಳು ಸರಳ. ಹಳೆಯ ಬಾಡಿಗೆ ಮನೆಗಳ ಮೇಲೆ ಒಂದು ಉಪಕರ, ಅಂದರೆ ಸೆಸ್ಸು, ಹಾಕುವುದು. ಆ ಹಣಕ್ಕೆ ಸರಕಾರದ ಪಾಲನ್ನೂ ಸೇರಿಸಿ, ಅಪಾಯದಲ್ಲಿರುವ ಮನೆಗಳನ್ನು ಮಂಡಳಿಯೇ ರಿಪೇರಿ ಮಾಡಿಸುವುದು. ಮುಂಬಯಿಯ ದ್ವೀಪ ಭಾಗದಲ್ಲಿ ಇಂಥ 19,642 ಕಟ್ಟಡಗಳನ್ನು ಗುರುತಿಸಿ ಮೂರು ವರ್ಗ ಮಾಡಿದರು. ಮೊದಲನೆಯ ‘ಎ’ ವರ್ಗದಲ್ಲೇ 16,502 ಕಟ್ಟಡಗಳು. ಇವು 1940ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಕಟ್ಟಿದವು. ಬಾಡಿಗೆಯನ್ನು ನಿಲ್ಲಿಸಿದ ತಾರೀಖೂ ಅದೇ ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ಚಾಳೂ ಈ ವರ್ಗದ್ದೇ. 1976ರ ಕಾಯಿದೆಯ ಪ್ರಕಾರ 1977ರಲ್ಲಿ ಮ್ಹಾಡಾ ಸ್ಥಾಪನೆಯಾದಾಗ ಈ ಮಂಡಳಿಯೂ ಅದರಲ್ಲಿ ಸೇರಿತು.

ಬಾಡಿಗೆದಾರ ಸೆಸ್ಸು ಕೊಡುತ್ತಾನೆ, ಮಂಡಳಿ ಟೇಕು ಕೊಡುತ್ತದೆ ಎಂದು ಗಿರಗಾಂವಿನಲ್ಲಿ ತಮಾಷೆಯ ಮಾತಿದೆ. ಟೇಕು ಎಂದರೆ ಬೀಳುವ ತೊಲೆಗೆ ಕೊಡುವ ಆನಿಕೆಯ ಕಂಬ. ಮಾತು ತಮಾಷೆಯದಾದರೂ, ಆ ಟೇಕುಗಳಿಂದ ಉಳಿದ ಜೀವಗಳು ಕಡಿಮೆಯಲ್ಲ. ರಿಪೇರಿಯ ಖರ್ಚಿಗೆ ಒಂದು ಮಿತಿಯಿದೆ. ಅದನ್ನು ಮೀರಿದರೆ ಮಿಕ್ಕದ್ದನ್ನು ಬಾಡಿಗೆದಾರರು ಹಾಕಬೇಕು, ಇಲ್ಲವೆ ಕಟ್ಟಡ ರಿಪೇರಿಗೆ ಮೀರಿದ್ದೆಂದು ಸಾರಿ ಎಲ್ಲರನ್ನೂ ಸಂಕ್ರಮಣ ಶಿಬಿರಕ್ಕೆ, ಅಂದರೆ ಟ್ರಾನ್ಸಿಟ್ ಕ್ಯಾಂಪಿಗೆ, ಕಳುಹಿಸಬೇಕು. ಕೆಲವು ತಿಂಗಳಿಗೆಂದು ಹೋದವರು ಹತ್ತು, ಇಪ್ಪತ್ತು ವರ್ಷ ಅಲ್ಲಿಯೇ ಕಳೆದದ್ದುಂಟು. ಅಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾಗಿ ಮದುವೆಯಾದದ್ದೂ ಉಂಟು.

ಬಾಗಿಲು ಬಿಡಬಾರದೆಂಬ ಹಟ ಹುಟ್ಟಿದ್ದು ಇಲ್ಲಿ. ಮಾಲಿಕತ್ವದ ಪತ್ರವಿಲ್ಲದವನಿಗೆ ವಾಸವೇ ಪತ್ರ. ಒಳಗಿರುವ ತನಕ ಹಕ್ಕು. ಹೊರಗೆ ಕಾಲಿಟ್ಟರೆ ಅರ್ಜಿ.

1986ರಲ್ಲಿ ಕಾಯಿದೆಗೆ ಇನ್ನೊಂದು ಅಧ್ಯಾಯ ಸೇರಿತು. ಶೇಕಡಾ 70ರಷ್ಟು ಬಾಡಿಗೆದಾರರು ಸಹಕಾರಿ ಸಂಘ ಕಟ್ಟಿಕೊಂಡು ಕೇಳಿದರೆ, ತಿಂಗಳ ಬಾಡಿಗೆಯ ನೂರು ಪಟ್ಟು ಹಣಕ್ಕೆ ಕಟ್ಟಡವನ್ನು ಸ್ವಾಧೀನಪಡಿಸಿ ಅವರಿಗೇ ಕೊಡಬಹುದೆಂಬುದು ಅದರ ಸಾರ. ತಲ್ಮಕಿಯವರ ದಾರಿಗೆ ಬಲವಂತವಾಗಿ ಮರಳುವ ಯತ್ನವಿದು. ಮಾಲಿಕರು ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಿಂದ ಎದ್ದ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರ ಪೀಠ 2024ರ ನವೆಂಬರ್ 5ರಂದು ಉತ್ತರ ಕೊಟ್ಟಿತು: ಪ್ರತಿಯೊಂದು ಖಾಸಗಿ ಆಸ್ತಿಯನ್ನೂ ಸಮಾಜದ ಸಂಪನ್ಮೂಲವೆಂದು ಎಣಿಸಲಾಗದು. ವ್ಯಾಜ್ಯ ಇಷ್ಟು ಕಾಲ ನಡೆಯುವಾಗ ಸೂರಿನ ಗೆದ್ದಲು ಸುಮ್ಮನಿರುವುದಿಲ್ಲ.

ನಮ್ಮ ಹದಿನಾಲ್ಕು ತಿಂಗಳು

ನಮ್ಮ ಚಾಳಿನಲ್ಲಿ ಮಾಲಿಕರೂ ಬಾಡಿಗೆದಾರರೂ ಸೇರಿ ವಂತಿಗೆ ಹಾಕಿ ಕೆಲಸ ಮಾಡಿಸಿದೆವು. ಮೊದಲು ಬಿದಿರಿನ ಸಾರುವೆ ಎದ್ದಿತು. ನಾರಿನ ಹಗ್ಗದಲ್ಲಿ ಕಟ್ಟಿದ ಅದರ ಮೇಲೆ ಹಸಿರು ಬಲೆ. ಹಗಲಿನಲ್ಲೂ ದೀಪ ಹಾಕಬೇಕಾಯಿತು. ನಂತರ ಖೋಲಿಯೊಳಗೆ ಆರು ಟೇಕುಗಳು ಬಂದು ನಿಂತವು. ಒಂದು ಒಲೆಯ ಪಕ್ಕದಲ್ಲಿ, ಒಂದು ದೇವರ ಗೂಡಿನ ಮುಂದೆ. ನಮ್ಮಾಕೆ ಅವುಗಳಿಗೆ ಮೊಳೆ ಹೊಡೆದು ಚೀಲ ತೂಗುಹಾಕಿದಳು. ಮಕ್ಕಳು ತಮ್ಮ ವೇಳಾಪತ್ರಿಕೆಯನ್ನು ಅಂಟಿಸಿದರು. ಬೆಳಗಿನ ಐದಕ್ಕೆ ಬರುವ ನೀರು ಮೋರಿಯ ಕೆಲಸದಿಂದಾಗಿ ಕೆಳಗಿನ ನಲ್ಲಿಗೆ ಇಳಿಯಿತು; ಎರಡೂವರೆ ತಿಂಗಳು ಮೂರು ಮಹಡಿ ನೀರು ಹೊತ್ತೆವು. ಅನ್ನದ ಪಾತ್ರೆಯ ಮೇಲೆ ಎರಡು ಮುಚ್ಚಳ ಮುಚ್ಚಿದರೂ ಊಟದಲ್ಲಿ ಸುಣ್ಣದ ರುಚಿ ತಪ್ಪಲಿಲ್ಲ.

ರಸಾಯನಶಾಸ್ತ್ರ ಓದಿದ ನಮಗೆ ಒಡೆದ ಗೋಡೆಯೇ ಪಾಠವಾಯಿತು. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ ಗಾರೆ ಮಾಡುತ್ತಾರೆ. ಗೋಡೆಯೊಳಗೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಇಂಥ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಸಿಮೆಂಟಿನ ತೇಪೆ ಹಳೆಯ ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಹಿಂದೆ ನಾವೇ ಮಾಡಿಸಿದ್ದ ಅಂಥ ಮೂರು ತೇಪೆಗಳು ಹಾಗೆಯೇ ಕೈಗೆ ಬಂದವು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಗೋಡೆಯನ್ನು ಸೀಳುತ್ತದೆ. ತೇಗದ ತೊಲೆ ನಡುವೆ ಗಟ್ಟಿಯಾಗಿದ್ದರೂ, ಮೋರಿಯ ಪಕ್ಕದ ಗೋಡೆಯೊಳಗೆ ಹೂತ ತುದಿ ಕೊಳೆತಿರುತ್ತದೆ. ನಮ್ಮ ಮೋರಿಯ ತೊಲೆಯ ತುದಿಯನ್ನು ಮೇಸ್ತ್ರಿ ಕೈಯಿಂದ ಹಿಂಡಿದಾಗ ಅದು ಒದ್ದೆ ಬೆಲ್ಲದಂತೆ ಉದುರಿತು. ಅದರ ಮೇಲೆ ನಾವು ಐವತ್ತು ವರ್ಷ ಸ್ನಾನ ಮಾಡಿದ್ದೆವು.

2023ರ ಫೆಬ್ರವರಿಯಲ್ಲಿ ಒಂದು ರಾತ್ರಿ ಮಾಡಿನ ಕೆಳಗಿನ ಅಟ್ಟದಿಂದ ಗಚ್ಚಿನ ಒಂದು ಹೆಂಟೆ ಕಳಚಿ ಬಿತ್ತು. ಬಿದ್ದ ಜಾಗದಲ್ಲಿ ಮೂರು ದಿನದ ಹಿಂದಿನವರೆಗೆ ನಮ್ಮ ಮಗ ಮಲಗುತ್ತಿದ್ದ. ಪರೀಕ್ಷೆಗೆ ಓದಲು ದೀಪದ ಹತ್ತಿರ ಬೇಕೆಂದು ಹಾಸಿಗೆ ಸರಿಸಿಕೊಂಡಿದ್ದ, ಅಷ್ಟೇ. ಆ ರಾತ್ರಿ ಯಾರೂ ಮಲಗಲಿಲ್ಲ. ಡೊಂಬಿವಲಿಯಲ್ಲಿ ಭಾವನ ಮನೆಯಿದೆ, ಎಲ್ಲರೂ ಹೋಗೋಣ ಎಂದೆವು. ನಮ್ಮ ತಾಯಿಯವರು ಗೋಡೆಗೆ ಒರಗಿ ಕುಳಿತವರು ಏಳಲಿಲ್ಲ.

“ಮಕ್ಕಳನ್ನ ಕರ್ಕೊಂಡು ನೀವು ಹೋಗಿ. ನಾ ಬರೂದಿಲ್ಲ. ಬಾಗಿಲು ಬಿಟ್ಟು ಹೋದವ್ರು ತಿರುಗಿ ಬಂದದ್ದನ್ನ ನಾ ಕಂಡದ್ದಿಲ್ಲ ಮಗಾ.”

ಅವರಿಗೆ ಆಗ 76 ವರ್ಷ. ಮಕ್ಕಳನ್ನು ಡೊಂಬಿವಲಿಗೆ ಕಳುಹಿಸಿ ನಾವಿಬ್ಬರೂ ತಾಯಿಯವರ ಜೊತೆ ಉಳಿದೆವು. ಮರುದಿನವೇ ಗಚ್ಚನ್ನೆಲ್ಲ ಇಳಿಸಿದರು. ಮಾರ್ಚಿನೊಳಗೆ ಮಾಡು ಬಿಚ್ಚಿ ಹೊಸದಾಗಿ ಹೊದಿಸಿದರು. ಮಕ್ಕಳು ಮಳೆಗೆ ಮೊದಲು ಹಿಂದಿರುಗಿದರು.

ಉಳಿದದ್ದು ಜಾಣತನವಾಗಿತ್ತೆಂದು ನಾವು ಹೇಳಲಾರೆವು. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೈನಿ ಕಟ್ಟಡ ಬೆಳಗಿನ ಹೊತ್ತಿಗೆ ಕುಸಿದು 33 ಜನ ತೀರಿಕೊಂಡರು. ನೂರು ವರ್ಷ ಮೀರಿದ ಮನೆ ಅದು. ಪುನರ್ನಿರ್ಮಾಣಕ್ಕೆಂದು ಕೆಲವು ಸಂಸಾರಗಳು ಮೊದಲೇ ಬಿಟ್ಟುಹೋಗಿದ್ದವು, ಕೆಲವು ಉಳಿದಿದ್ದವು. ಉಳಿದವರ ಲೆಕ್ಕಾಚಾರ ನಮ್ಮದಕ್ಕಿಂತ ಬೇರೆಯಾಗಿರಲಾರದು. ನಮ್ಮ ಗಚ್ಚು ಮೂರು ದಿನ ತಡವಾಗಿ ಬಿತ್ತು, ಅದೊಂದೇ ವ್ಯತ್ಯಾಸ.

ಆದ್ದರಿಂದ ಹಳೆಯ ಮನೆಗಳಲ್ಲಿರುವ ನಮ್ಮ ಬಾಂಧವರಲ್ಲಿ ಒಂದು ವಿನಂತಿ. ಬಾಡಿಗೆಯ ರಸೀದಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿಗಳನ್ನು ಒಂದೆಡೆ ಜೋಪಾನ ಮಾಡಿ. ಮನೆ ಬಿಡಬೇಕಾಗಿ ಬಂದರೆ ಹಿಂದಿರುಗುವ ಹಕ್ಕು, ಸಿಗುವ ಜಾಗದ ಅಳತೆ, ಅಲ್ಲಿಯವರೆಗಿನ ಬಾಡಿಗೆ ಇವನ್ನು ಬಾಯಿಮಾತಿಗೆ ಬಿಡದೆ ನೋಂದಾಯಿತ ಕರಾರಿನಲ್ಲಿ ಬರೆಸಿಕೊಳ್ಳಿ. ಒಬ್ಬೊಬ್ಬರೇ ಸಹಿ ಹಾಕದೆ ಇಡೀ ಚಾಳು ಒಂದಾಗಿ ಹಾಕಿ. ಕಾಗದ ಭದ್ರವಾದರೆ ಜೀವವನ್ನು ಪಣಕ್ಕಿಟ್ಟು ಬಾಗಿಲು ಕಾಯುವ ಅಗತ್ಯವಿಲ್ಲ. ನಾವು ಆ ಕಾಗದ ಮಾಡಿಕೊಂಡಿರಲಿಲ್ಲ. ಅದಕ್ಕೇ ಉಳಿಯಬೇಕಾಯಿತು.

2025ರ ಆಗಸ್ಟ್ 14ರಂದು ವರಳಿಯ ಬಿ.ಡಿ.ಡಿ. ಚಾಳುಗಳ 556 ಸಂಸಾರಗಳಿಗೆ ಹೊಸ ಮನೆಯ ಬೀಗದ ಕೈ ಕೊಟ್ಟರು. 160 ಚದರ ಅಡಿಯ ಖೋಲಿ ಬಿಟ್ಟು ಹೋದವರು 500 ಚದರ ಅಡಿಯ ಮನೆಗೆ, ಅದೇ ವರಳಿಗೆ, ಹಿಂದಿರುಗಿದರು. ಟಿ.ವಿ.ಯಲ್ಲಿ ಅದನ್ನು ತೋರಿಸುತ್ತಿದ್ದಾಗ ತಾಯಿಯವರು ಕೈಯಲ್ಲಿದ್ದ ಹೂವಿನ ಮಾಲೆ ಕೆಳಗಿಟ್ಟು ನೋಡಿದರು.

“ಹಂಗಾದ್ರೆ ತಿರುಗಿ ಬರೂದೂ ಉಂಟು ಅನ್ನಿ,” ಎಂದರು.

ಮಾಡು ಬಿಚ್ಚಿದ ದಿನ, ಮಂಗಳೂರಿನ ಹೆಸರು ಅಚ್ಚೊತ್ತಿದ್ದ ಒಂದು ಹೆಂಚನ್ನು ಮೇಸ್ತ್ರಿಯವರು ಒಡೆಯದಂತೆ ಇಳಿಸಿಕೊಟ್ಟಿದ್ದರು. ಅದು ಈಗ ಗ್ಯಾಲರಿಯಲ್ಲಿ ತುಳಸಿಯ ಕುಂಡದ ಕೆಳಗಿದೆ. ನೂರು ಮಳೆಗಾಲ ನೆನೆದರೂ ಅದರಲ್ಲಿ ಒಂದು ಬಿರುಕಿಲ್ಲ.